ಅಪ್ಪನ ಪಾದದ ಕೆಂಪು ಚಿತ್ರ

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಪರಿಚಯವಿಲ್ಲದವರ ಪಾದಗಳಿಗೆ ಜೆಲ್ ಬಳಿಯುವುದು. ಹುದ್ದೆಗೆ ಗಂಭೀರವಾದ ಒಂದು ಹೆಸರಿತ್ತು. ದಿನವಿಡೀ ಮಾಡುತ್ತಿದ್ದದ್ದು ಮಾತ್ರ ಇದನ್ನೇ. ಬಣ್ಣವಿಲ್ಲದ, ತಣ್ಣನೆಯ, ಸಿಂಬಳದಷ್ಟು ದಪ್ಪದ ಜೆಲ್. ಒರೆಸಿ ತೆಗೆಯುವಾಗ ಅದರ ಜೊತೆ ಸಾಕ್ಸಿನ ನೂಲು, ಒಣಚರ್ಮದ ಹೊಟ್ಟು, ಒಮ್ಮೊಮ್ಮೆ ಉಗುರಿನ ಚೂರು ಬರುತ್ತಿತ್ತು. ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಹಾಕಿಕೊಳ್ಳುತ್ತಿದ್ದೆ. ಆದರೂ ಸಂಜೆ ಲೋಕಲ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತಾಗ ಬೆರಳುಗಳ ನಡುವೆ ಆ ಜಾರಿಕೆ ಇನ್ನೂ ಉಳಿದಿದೆ ಅನ್ನಿಸಿ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತಿದ್ದೆ.

ಮನೆಯಲ್ಲಿ ಇದು ಯಾರಿಗೂ ಆಶ್ಚರ್ಯದ ವಿಷಯವಾಗಿರಲಿಲ್ಲ. ಚಿಕ್ಕಂದಿನಿಂದಲೂ ನನಗೆ ಬೇಗ ಹೇಸಿಗೆಯಾಗುತ್ತಿತ್ತು. ಇನ್ನೊಬ್ಬರು ಬಾಯಿಟ್ಟ ಲೋಟ, ಒದ್ದೆಯಾದ ಕಾಲೊರೆಸು, ಬಚ್ಚಲಿನ ಮೂಲೆಯಲ್ಲಿ ಸುತ್ತಿಕೊಂಡ ಕೂದಲು. "ನಮ್ಮ ಮಗಳು ಹುಟ್ಟುವಾಗಲೇ ಮೂಗು ಮುಚ್ಚಿಕೊಂಡು ಹುಟ್ಟಿದ್ದು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಯಾವುದನ್ನೇ ಬೇಡವೆಂದರೂ ಕಾರಣ ಕೇಳುವವರಿರಲಿಲ್ಲ. ನನ್ನ ಮೂಗಿನ ಮೇಲೆ ಹಾಕಿಬಿಟ್ಟರೆ ಮುಗಿಯಿತು.

ನಮ್ಮ ಕಂಪನಿ ಇದ್ದದ್ದು ಮಹಾಪೆಯಲ್ಲಿ, ಪೇಂಟ್ ಡಬ್ಬಿಗಳ ಗೋದಾಮೊಂದರ ಮೇಲಿನ ಮಹಡಿಯಲ್ಲಿ. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಠಾಣೆಯಿಂದ ಘನ್ಸೋಲಿಗೆ ಇನ್ನೊಂದು, ಅಲ್ಲಿಂದ ಶೇರ್ ರಿಕ್ಷಾ. ಅಲ್ಲಿ ಒಂದು ಯಂತ್ರವನ್ನು ತಯಾರಿಸುತ್ತಿದ್ದೆವು. ಚರ್ಮದ ಮೇಲೆ ಎಣಿಸಲಾಗದಷ್ಟು ಕಿರಿದಾದ ಕ್ಷಣಕ್ಕೆ ಲೇಸರ್ ಬೆಳಕು ಬೀಳುತ್ತದೆ. ರಕ್ತದ ಕೆಂಪು ಆ ಬೆಳಕನ್ನು ಹೀರಿಕೊಂಡು ತುಸು ಬಿಸಿಯಾಗುತ್ತದೆ, ಬಿಸಿಯಾಗಿ ತುಸು ಹಿಗ್ಗುತ್ತದೆ, ಹಿಗ್ಗುವಾಗ ಒಂದು ಶಬ್ದ ಹೊರಡುತ್ತದೆ. ಮನುಷ್ಯರ ಕಿವಿಗೆ ನಿಲುಕದ ಶಬ್ದ. ಸೋನೋಗ್ರಫಿಯಲ್ಲಿ ಹೊಟ್ಟೆಯ ಮೇಲೆ ಆಡಿಸುತ್ತಾರಲ್ಲ, ಅಂಥದೇ ಒಂದು ಹಿಡಿಕೆ ಅದನ್ನು ಕೇಳಿಸಿಕೊಳ್ಳುತ್ತದೆ. ಶಬ್ದ ಎಲ್ಲೆಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ರಕ್ತನಾಳಗಳ ಚಿತ್ರ ಮೂಡುತ್ತದೆ. ಸೂಜಿ ಚುಚ್ಚಬೇಕಿಲ್ಲ, ಎಕ್ಸ್‌ರೇ ಬೇಕಿಲ್ಲ. ಈ ತತ್ವದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಅದನ್ನಿಟ್ಟುಕೊಂಡು ನಾವು ಏನು ಮಾಡಿದೆವು ಎನ್ನುವುದು ಬೇರೆ ಮಾತು.

ನಮ್ಮದು ಅಗ್ಗದ ಯಂತ್ರ. ದುಬಾರಿ ಲೇಸರಿನ ಬದಲು ಹಸಿರು ಬೆಳಕಿನ ಲೇಸರ್ ಹಾಕಿದ್ದೆವು. ಹಸಿರು ಬೆಳಕು ಚರ್ಮದೊಳಗೆ ಆಳಕ್ಕೆ ಇಳಿಯುವುದಿಲ್ಲ. ಮೇಲುಮೇಲಿನ ಸಣ್ಣ ನಾಳಗಳನ್ನು ಮುಟ್ಟಿ ಅಲ್ಲೇ ಸತ್ತುಹೋಗುತ್ತದೆ. ಕಾಲಿನ ದೊಡ್ಡ ರಕ್ತನಾಳ ಕಟ್ಟಿಕೊಂಡಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಇನ್ನೊಂದು ತೊಂದರೆಯೂ ಇತ್ತು. ಹಸಿರು ಬೆಳಕನ್ನು ಹೀರುವುದು ರಕ್ತವೊಂದೇ ಅಲ್ಲ. ಮಚ್ಚೆ, ಹಚ್ಚೆ, ಮದರಂಗಿ, ಗಾಢ ಬಣ್ಣದ್ದು ಏನೇ ಇದ್ದರೂ ಅದೂ ಹೀರಿಕೊಂಡು ಶಬ್ದ ಮಾಡುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಮೊದಲ ವಾರದಲ್ಲೇ ಇದನ್ನು ಡೈರೆಕ್ಟರಿಗೆ ತೋರಿಸಿದ್ದೆ. ಅವರು ಬೆಂಗಳೂರಿನವರು, ನಗುಮುಖದವರು, ಬಂದು ಹೋದ ಮೇಲೂ ಕೋಣೆಯಲ್ಲಿ ಉಳಿಯುವಷ್ಟು ಸೆಂಟು ಹಾಕಿಕೊಳ್ಳುತ್ತಿದ್ದವರು. "ಗುಡ್ ಪಾಯಿಂಟ್ ಅಮ್ಮಾ, ನೆಕ್ಸ್ಟ್ ವರ್ಷನ್‌ನಲ್ಲಿ ನೋಡ್ಕೊಳ್ಳೋಣ" ಎಂದರು.

ನಮ್ಮ ಅಪ್ಪ ಕಲ್ಯಾಣ ಸ್ಟೇಷನ್ನಿನ ಎದುರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದರು. ಹದಿನಾರರ ವಯಸ್ಸಿಗೆ ಊರಿಂದ ಬಂದು ಟೇಬಲ್ ಒರೆಸಿ, ಪಾತ್ರೆ ತೊಳೆದು, ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತು ಆಮೇಲೆ ಗಲ್ಲಾಕ್ಕೆ ಬಂದವರು. ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇತ್ತು. ಮಾತ್ರೆ ನುಂಗುತ್ತಿದ್ದರು, ಜೊತೆಗೆ ದಿನಕ್ಕೊಂದು ಬಾದುಷಾವನ್ನೂ ನುಂಗುತ್ತಿದ್ದರು. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿತ್ತು. ಒಂದು ಸಲ ಚಪ್ಪಲಿ ಜಾರಿ ಬಿದ್ದುಹೋದದ್ದು ಗೊತ್ತಾಗದೆ ಬರಿಗಾಲಲ್ಲಿ ಅರ್ಧ ಪ್ಲಾಟ್‌ಫಾರ್ಮ್ ನಡೆದಿದ್ದರು. ಇತ್ತೀಚೆಗೆ ಸ್ಟೇಷನ್ನಿನ ಸೇತುವೆ ಹತ್ತುವಾಗ ನಡುವೆ ನಿಂತುಬಿಡುತ್ತಿದ್ದರು. ಗಾಡಿಯ ಹೊತ್ತು ತೋರಿಸುವ ಇಂಡಿಕೇಟರ್ ನೋಡುವವರ ಹಾಗೆ ಕತ್ತೆತ್ತಿ ನಿಲ್ಲುವುದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹತ್ತುವುದು. ಮೀನಖಂಡ ಹಿಡಿದುಕೊಳ್ಳುತ್ತಿದೆ ಎಂದು ಒಪ್ಪುತ್ತಿರಲಿಲ್ಲ.

ಆ ಹೋಟೆಲಿನವರ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಅಡುಗೆಮನೆಯ ನೆಲ ಒಣಗಿದ್ದೇ ಇಲ್ಲ. ಅಕ್ಕಿ ತೊಳೆದ ನೀರು, ಸಾಂಬಾರು ಚೆಲ್ಲಿದ್ದು, ಸೋಪಿನ ನೊರೆ, ಎಲ್ಲದರ ಮೇಲೆ ರಬ್ಬರ್ ಚಪ್ಪಲಿಯ ಕಾಲು. ಎಲ್ಲರ ಬೆರಳಸಂದಿಯೂ ಬೆಳ್ಳಗೆ ಬೆಂದು ಬಿರಿದಿರುತ್ತಿತ್ತು. ಅದಕ್ಕೆ ಅವರೆಲ್ಲರ ಮದ್ದು ಒಂದೇ: ಮೆಡಿಕಲ್ ಅಂಗಡಿಯ ಚಿಕ್ಕ ಬಾಟಲಿಯ ನೀಲಿ ಮದ್ದು, ಹಚ್ಚಿದಲ್ಲಿ ಗಾಢ ನೇರಳೆಯಾಗಿ ಉಳಿಯುವಂಥದು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ಚಹಾಕ್ಕೆ ಜನ ಬರುವ ಮುಂಚೆ, ತರಕಾರಿಯ ಕ್ರೇಟು ಬೋರಲು ಹಾಕಿಕೊಂಡು ಸಾಲಾಗಿ ಕುಳಿತು, ಕಡ್ಡಿಗೆ ಹತ್ತಿ ಸುತ್ತಿ, ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಹಚ್ಚಿಕೊಳ್ಳುತ್ತಿದ್ದರು. ಅದೇ ಹತ್ತಿ ಎಲ್ಲರ ಕಾಲಿಗೂ. ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದೆ. ಅವತ್ತಿನಿಂದ ಆ ಹೋಟೆಲಿನ ಚಟ್ನಿ ನನಗೆ ಇಳಿದಿಲ್ಲ. ಅಪ್ಪ ಗಲ್ಲಾಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಕಾಲಿಗೆ ಏನೇ ಆದರೂ ನೀಲಿ ಮದ್ದು.

ಆ ವರ್ಷ ನವೆಂಬರಿನಲ್ಲಿ ಡೊಂಬಿವಲಿಯ ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಅದಕ್ಕೆ ನಮ್ಮ ಡೈರೆಕ್ಟರ್ ಒಂದು ಶಿಬಿರ ಜೋಡಿಸಿದರು: ಉಚಿತ ರಕ್ತನಾಳ ತಪಾಸಣೆ. ಬಂದವರ ಪಾದದ ಬಣ್ಣದ ಚಿತ್ರವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಕೊಡುವುದು.

"ಸರ್, ಇದು ತಪಾಸಣೆ ಅಲ್ಲ. ನಮ್ಮ ಯಂತ್ರ ಇನ್ನೂ ಪರೀಕ್ಷೆಯಲ್ಲಿದೆ" ಎಂದೆ.

"ನಾವ್ ಡಯಾಗ್ನೋಸಿಸ್ ಅಂತ ಎಲ್ಲಮ್ಮಾ ಹೇಳ್ತಿದೀವಿ? ಅವೇರ್‌ನೆಸ್ ಅಷ್ಟೆ. ನಮಗೆ ಡೇಟಾ ಸಿಗುತ್ತೆ, ಅವರಿಗೊಂದು ಫೋಟೋ ಸಿಗುತ್ತೆ. ಎಲ್ರಿಗೂ ಖುಷಿ."

"ಫೋಟೋದಲ್ಲಿ ಕೆಂಪು ಇದ್ರೆ ಕಾಲು ಚೆನ್ನಾಗಿದೆ ಅಂತ ಅವರು ತಿಳ್ಕೊಳ್ತಾರೆ."

"ತಿಳ್ಕೊಳ್ಳಲಿ ಬಿಡಮ್ಮಾ. ಸುಮ್ನೆ ಯಾಕೆ ಜನಗಳನ್ನ ಹೆದರಿಸ್ತೀಯಾ?"

ಶಿಬಿರದ ದಿನ ವೇದಿಕೆಯ ಪಕ್ಕದಲ್ಲೇ ಕಪ್ಪು ಪರದೆ ಕಟ್ಟಿ ಯಂತ್ರ ಇಟ್ಟರು. ಒಳಗೆ ಬಂದವರಿಗೆ ಲೇಸರಿನಿಂದ ಕಣ್ಣು ಕಾಪಾಡಲು ಕಿತ್ತಳೆ ಬಣ್ಣದ ಕನ್ನಡಕ. ಅದನ್ನು ಹಾಕಿಕೊಂಡು ಜನ ಸೆಲ್ಫಿ ತೆಗೆದುಕೊಂಡರು. ಹಿಂದಿನವರ ಬೆವರು ಹತ್ತಿದ ಕನ್ನಡಕವನ್ನು ಮುಂದಿನವರು ಹಾಗೆಯೇ ಮೂಗಿಗೇರಿಸಿದರು. ಪರದೆಯೊಳಗೆ ಗಾಳಿಯಿಲ್ಲ. ಬಿಚ್ಚಿಟ್ಟ ಬೂಟು, ಒದ್ದೆ ಸಾಕ್ಸು, ಮೂಲೆಯಲ್ಲಿ ಜೆಲ್ ಒರೆಸಿದ ಟಿಶ್ಯೂಗಳ ಗುಡ್ಡೆ, ಹೊರಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ. ಎಲ್ಲ ಸೇರಿ ಒಂದೇ ವಾಸನೆಯಾಗಿತ್ತು. ನಾನು ಬಾಯಲ್ಲಿ ಉಸಿರಾಡುತ್ತ ಕೆಲಸ ಮಾಡಿದೆ. ಲೇಸರ್ ಹೊಡೆಯುವಾಗ ಯಂತ್ರದೊಳಗೆ ಟಿಕ್ ಟಿಕ್ ಎನ್ನುವ ಸದ್ದು ಬರುತ್ತದೆ. ಅದು ಬರಿಯ ಸ್ವಿಚ್ಚಿನ ಸದ್ದು. ಡೈರೆಕ್ಟರ್ ಮೈಕಿನಲ್ಲಿ, "ಕೇಳ್ತಿದೆಯಾ? ಅದು ನಿಮ್ಮ ರಕ್ತದ ಹಾಡು!" ಎಂದರು. ಜನ ಪರದೆಗೆ ಕಿವಿಯಾನಿಸಿ ತಮ್ಮ ರಕ್ತ ಹಾಡುವುದನ್ನು ಕೇಳಿದರು.

ಮಧ್ಯಾಹ್ನ ಅಪ್ಪ ಹೋಟೆಲಿನ ಒಂದು ದಂಡನ್ನೇ ಕಟ್ಟಿಕೊಂಡು ಬಂದರು. ದೋಸೆ ಹಾಕುವವರು, ಸಪ್ಲೈಯರು, ಪಾತ್ರೆ ತೊಳೆಯುವವರು, ಎಲ್ಲ ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಅಪ್ಪ ಮೊದಲು ಕುಳಿತು ಸಾಕ್ಸು ಎಳೆದರು. ಪಾದದ ಮುಂಭಾಗವೆಲ್ಲ ಗಾಢ ನೇರಳೆ. ಹಚ್ಚಿ ಹಚ್ಚಿ ದಪ್ಪವಾಗಿ, ಒಣಗಿ, ತಾಮ್ರದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಇದೆಂಥ ಅಪ್ಪಾ?"

"ಬರುವಾಗ ಎಲ್ಲರೂ ಚಂದ ಮಾಡಿ ಹಚ್ಚಿಕೊಂಡು ಬಂದೆವು. ದೊಡ್ಡ ಮಿಷನ್ನಿಗೆ ತೋರಿಸುವಾಗ ಹುಣ್ಣು ಹುಣ್ಣು ಕಾಲು ಹಾಗೇ ತರ್ಲಿಕ್ಕೆ ಆಗ್ತದಾ? ನಿನಗೇ ಮರ್ಯಾದೆ ಕಮ್ಮಿ."

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಲೆಯಾಡಿಸಿದರು. ಫೋಟೋ ಸ್ಟುಡಿಯೋಗೆ ಹೋಗುವ ಮುಂಚೆ ತಲೆ ಬಾಚಿಕೊಳ್ಳುವಂತೆ ಅವರೆಲ್ಲ ಕಾಲಿಗೆ ನೀಲಿ ಮದ್ದು ಹಚ್ಚಿಕೊಂಡು ಬಂದಿದ್ದರು.

ಅದು ನೀರಿಗೆ ಹೋಗುವ ಬಣ್ಣವಲ್ಲ, ಸ್ಪಿರಿಟ್ ಹಾಕಿ ಬಹಳ ಹೊತ್ತು ತಿಕ್ಕಬೇಕು. ಡೈರೆಕ್ಟರಿಗೆ ಹೇಳಿದೆ. ಅವರು ಪರದೆಯ ಹೊರಗಿನ ಸಾಲು ನೋಡಿದರು. "ಟೈಮ್ ಎಲ್ಲಿದೆಯಮ್ಮಾ? ಮಾಡು, ಮಾಡು." ಅವರೇ ಅಪ್ಪನ ಕಾಲಿಗೆ ಜೆಲ್ ಸುರಿದು ಹಿಡಿಕೆ ಇಟ್ಟು ಯಂತ್ರದ ಪರದೆಯತ್ತ ತಿರುಗಿದರು. ಪರದೆ ಕೆಂಪಾಯಿತು. ನಾನು ಅದುವರೆಗೆ ನೋಡಿದ ಯಾವ ಪಾದವೂ, ಕಾಲೇಜಿನ ಆಟಗಾರರದ್ದೂ, ಅಷ್ಟು ಕೆಂಪಾಗಿರಲಿಲ್ಲ. ಬೆರಳ ತುದಿಯವರೆಗೆ ದಟ್ಟವಾದ ಬಲೆ. ನಾನು ಬಗ್ಗಿ ಇನ್ನೊಂದು ನೋಟಕ್ಕೆ ಬದಲಿಸಿದೆ. ಮೇಲಿನಿಂದ ನೋಡಿದ ಚಿತ್ರವಲ್ಲ ಅದು, ಪಾದವನ್ನು ಅಡ್ಡಕ್ಕೆ ಕೊಯ್ದು ನೋಡಿದಂತೆ ಆಳ ತೋರಿಸುವ ಚಿತ್ರ. ಕೆಂಪೆಲ್ಲ ಚರ್ಮದ ಮೇಲೆಯೇ ಒಂದು ತೆಳ್ಳಗಿನ ಗೆರೆಯಾಗಿ ಕುಳಿತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಬರಿಯ ಕಪ್ಪು.

"ಸರ್, ಇದು ರಕ್ತ ಅಲ್ಲ. ಬಣ್ಣ."

ಡೈರೆಕ್ಟರ್ ಕೈ ಚಾಚಿ ನೋಟವನ್ನು ಮೊದಲಿನದಕ್ಕೆ ತಂದು ಪ್ರಿಂಟ್ ಒತ್ತಿದರು.

ಮುಂದಿನದು ವೇದಿಕೆಯ ಮೇಲೆ ನಡೆಯಿತು. ಸಂಘದ ಕಾರ್ಯದರ್ಶಿ ಧಾರವಾಡದ ಕಡೆಯವರು, ಮೈಕು ಸಿಕ್ಕರೆ ಬಿಡದವರು. "ಏನ್ ಕಾಲ್ರೀ ಅಣ್ಣಾರ ನಿಮ್ಮವು! ನಲವತ್ ವರ್ಷ ನಿಂತ ದುಡಿದ ಕಾಲು, ಹೆಂಗ್ ಕೆಂಪಗ ಅದಾವ ನೋಡ್ರಿ! ಜೋರಾಗಿ ಚಪ್ಪಾಳಿ ಹೊಡೀರಿ!" ಡೈರೆಕ್ಟರ್ ಅಪ್ಪನಿಗೆ ಶಾಲು ಹೊದಿಸಿದರು. "ಇವರ ಪಾದದ ವಯಸ್ಸು ಮೂವತ್ತು!" ಎಂದರು. ಅಪ್ಪ ಒಂದು ಕಾಲಿಗೆ ಮಾತ್ರ ಸಾಕ್ಸು ಹಾಕಿಕೊಂಡು, ಇನ್ನೊಂದು ಕಾಲಿನ ಬೆರಳುಗಳ ನಡುವೆ ಜೆಲ್ ಜಿನುಗುತ್ತಿರಲು, ಕೈಮುಗಿದು ನಿಂತಿದ್ದರು. ನನಗೆ ಹೇಸಿಗೆಯಾಯಿತು. ಅದು ಪಾದದಿಂದ ಬಂದದ್ದಲ್ಲ.

ಮನೆಗೆ ಬಂದ ಕೂಡಲೇ ಅಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮ ಮನೆಯ ಮಾತು ತುಳು. ಹೀರುವುದು, ಹಿಗ್ಗುವುದು, ಶಬ್ದ, ಎಲ್ಲವನ್ನೂ ತುಳುವಿನಲ್ಲೇ ಹೇಳಿದೆ. ಅವರು ಕೊನೆಯವರೆಗೆ ಕೇಳಿ, ಅಮ್ಮನ ಕಡೆ ತಿರುಗಿ ನಕ್ಕರು.

"ನೋಡಿದಿಯಾ? ಇಡೀ ಸಭೆ ಚಪ್ಪಾಳೆ ಹೊಡೆದಿದೆ, ಇವಳಿಗೆ ಮಾತ್ರ ಸರಿ ಇಲ್ಲ. ನಿನಗೆ ಯಾವುದು ಸರಿ ಉಂಟು ಮಾರಾಯ್ತಿ? ಹೋಟೆಲಿನ ಚಟ್ನಿ ಸರಿ ಇಲ್ಲ, ರೈಲಿನ ಸೀಟು ಸರಿ ಇಲ್ಲ, ಈಗ ನೀನೇ ಮಾಡಿದ ಮಿಷನೂ ಸರಿ ಇಲ್ಲ."

"ಡಾಕ್ಟರ ಹತ್ರ ಒಂದು ಸಲ ಹೋಗುವ. ಕಾಲಿನ ಡಾಪ್ಲರ್ ಮಾಡಿಸುವ, ರಕ್ತ ಸರಿ ಹರೀತದಾ ಅಂತ ನೋಡುವ ಸ್ಕ್ಯಾನ್. ಅಷ್ಟೇ."

"ಮಗಳು ಮಾಡಿದ ಮಿಷನಿನಲ್ಲಿ ಪಾಸಾಗಿ, ಇನ್ನು ಯಾರದ್ದೋ ಮಿಷನಿಗೆ ಯಾಕೆ ಹೋಗ್ಬೇಕು?"

ಅವರ ಮಟ್ಟಿಗೆ ನನ್ನ ಮಾತಿಗಿಂತ ನನ್ನ ಯಂತ್ರ ದೊಡ್ಡದು. ನಾನು ಅನುಮಾನಿಸಿದಷ್ಟೂ ಅದು ನನ್ನ ಮೂಗಿನ ಗುಣವಾಯಿತು, ಅಥವಾ ವಿನಯವಾಯಿತು. ಅಪ್ಪ ಆ ಚಿತ್ರವನ್ನು ಲ್ಯಾಮಿನೇಟ್ ಮಾಡಿಸಿದರು. ಮರುವಾರ ಅದು ಹೋಟೆಲಿನ ಗಲ್ಲಾದ ಹಿಂದೆ, ದೇವರ ಪಟಗಳ ಪಕ್ಕದಲ್ಲಿ ಅಂಟಿಕೊಂಡಿತ್ತು. ಬೆಳಗಿನ ಊದುಬತ್ತಿಯ ಹೊಗೆ ಅದಕ್ಕೂ ತಾಗುತ್ತಿತ್ತು.

"ದೇವರ ಹತ್ರ ಕಾಲಿನ ಪಟ ಹಾಕ್ತಾರಾ ಯಾರಾದ್ರೂ? ಕೆಂಪು ಬಸಳೆ ಬಳ್ಳಿಯ ಹಾಗೆ ಉಂಟು" ಎಂದು ಅಮ್ಮ ಬೈದರು.

"ಕಾಲು ಅಲ್ಲ ಅದು. ನಮ್ಮ ಮಗಳ ಸೈನ್ಸ್" ಎಂದರು ಅಪ್ಪ. ಚಿಲ್ಲರೆ ಕೊಡುತ್ತ ಗಿರಾಕಿಗಳಿಗೂ ತೋರಿಸುತ್ತಿದ್ದರಂತೆ. "ಮೇರಾ ಪಾವ್ ಹೈ ಸಾಬ್, ಅಂದರ್ ಸೇ." ಒಳಗಿನಿಂದ ತೆಗೆದ ನನ್ನ ಪಾದ. ಮಸಾಲೆದೋಸೆ ತಿಂದು ಬಂದವರು ಅದನ್ನು ನೋಡಿ ಮೆಚ್ಚಿ ಹೋಗುತ್ತಿದ್ದರು.

ಡಿಸೆಂಬರಿನಲ್ಲಿ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಅಪ್ಪ ಬೂಟು ಬಿಚ್ಚಿದಾಗ ಬರುತ್ತಿತ್ತು. ಬೆವರಿನದ್ದಲ್ಲ, ಒದ್ದೆ ಚರ್ಮದ್ದೂ ಅಲ್ಲ. ಸಿಹಿ ಬೆರೆತ, ಹೂದಾನಿಯಲ್ಲಿ ಮರೆತ ನೀರಿನಂಥ ವಾಸನೆ. ಅಷ್ಟು ಹೊತ್ತಿಗೆ ನೂರಾರು ಪಾದಗಳ ಹತ್ತಿರ ಬಗ್ಗಿದ್ದ ನನಗೆ ಅದು ಬೇರೆಯದೆಂದು ಮೊದಲ ದಿನವೇ ಗೊತ್ತಾಯಿತು. ಹೇಳಿದೆ. ಅಪ್ಪ ನಕ್ಕರು. "ಬಂತು ಮೂಗು." ಆ ವಾಸನೆಗೂ ಅವರು ನೀಲಿ ಮದ್ದನ್ನೇ ಹಚ್ಚಿದರು. ನೇರಳೆಯ ಮೇಲೆ ನೇರಳೆ. ಚರ್ಮ ಕೆಂಪಾದರೂ ಕಪ್ಪಾದರೂ ಆ ಬಣ್ಣದಡಿ ಕಾಣುವಂತಿರಲಿಲ್ಲ. ನೋವೂ ಇರಲಿಲ್ಲ, ಪಾದದಲ್ಲಿ ಜೀವವೇ ಕಡಿಮೆಯಾಗಿತ್ತಲ್ಲ. ನೋಡುವ ಕಣ್ಣು, ಯಂತ್ರ, ಎರಡಕ್ಕೂ ಒಂದೇ ಬಾಟಲಿ ಮುಚ್ಚಳ ಹಾಕಿತ್ತು. ಅಮ್ಮ ಅತ್ತರು, ನಾನು ಜಗಳವಾಡಿದೆ. ಅಪ್ಪನ ಉತ್ತರ ಬದಲಾಗಲಿಲ್ಲ. "ನಿನ್ನದೇ ಮಿಷನ್."

ಕೊನೆಗೆ ನಾನು ಜಗಳ ಬಿಟ್ಟು, ಭಾನುವಾರ ನಾನು ಕೆಲಸ ಮಾಡುವ ಜಾಗ ನೋಡಲು ಬನ್ನಿ ಎಂದು ಕರೆದೆ. ಕಂಪನಿಯ ಬೀಗದ ಕೈ ನನ್ನ ಹತ್ತಿರವೂ ಒಂದು ಇರುತ್ತಿತ್ತು. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಶಾಲನ್ನೂ ತರಬೇಕೋ ಎಂದು ಕೇಳಿದರು. ಬರುವಾಗ ಹೋಟೆಲಿನಿಂದ ಸ್ಟೀಲಿನ ಡಬ್ಬಿಯ ತುಂಬ ಇಡ್ಲಿ ತಂದಿದ್ದರು, ವಾಚ್‌ಮನ್ನಿಗೂ ಆಗಲಿ ಎಂದು. ಬಣ್ಣ ಹಚ್ಚಿ ಯಂತ್ರಕ್ಕೆ ತೋರಿಸಲೆಂದು ನಾನು ನನ್ನ ಚೀಲದಲ್ಲಿ ಒಂದು ಮೂಲಂಗಿ ಇಟ್ಟುಕೊಂಡಿದ್ದೆ. ಡಬ್ಬಿ ನೋಡಿದ ಮೇಲೆ ಮೂಲಂಗಿಯನ್ನು ಹೊರಗೆ ತೆಗೆಯಲಿಲ್ಲ.

ಇಬ್ಬರೂ ಕಿತ್ತಳೆ ಕನ್ನಡಕ ಹಾಕಿಕೊಂಡೆವು. ಒಂದು ಇಡ್ಲಿಯನ್ನು ತಟ್ಟೆಯ ಮೇಲಿಟ್ಟು ಜೆಲ್ ಸುರಿದೆ.

"ಹೇ! ತಿನ್ನುವ ವಸ್ತು!"

"ಇದಕ್ಕೆ ರಕ್ತ ಉಂಟಾ ಅಪ್ಪಾ?"

"ಇಡ್ಲಿಗಾ? ನಿನಗೆ ತಲೆ ಸರಿ ಉಂಟಾ?"

ಹಿಡಿಕೆ ಇಟ್ಟೆ. ಟಿಕ್ ಟಿಕ್ ಕೇಳಿಸಿತು. ಪರದೆ ಕಪ್ಪಾಗಿಯೇ ಉಳಿಯಿತು. "ನೋಡಿ, ಏನೂ ಇಲ್ಲ. ಇನ್ನು ನಿಮ್ಮ ಬಾಟಲಿ ಕೊಡಿ" ಎಂದೆ. ಅದು ಅವರ ಪ್ಯಾಂಟಿನ ಜೇಬಿನಲ್ಲೇ ಇತ್ತು. ಇನ್ನೊಂದು ಇಡ್ಲಿಗೆ, ಅವರು ಕಾಲಿಗೆ ಹಚ್ಚುವ ಹಾಗೆಯೇ, ಹತ್ತಿಯಲ್ಲಿ ಅದ್ದಿ ದಪ್ಪಗೆ ಹಚ್ಚಿದೆ. ಬಿಳಿ ಇಡ್ಲಿ ನೋಡುತ್ತಿದ್ದಂತೆ ನೇರಳೆಯಾಯಿತು, ರಂಧ್ರಗಳಲ್ಲಿ ಬಣ್ಣ ಇಂಗಿತು. ಅದರ ಮೇಲೆ ಲೋಳೆ ಜೆಲ್. ಅಷ್ಟು ಅಸಹ್ಯವಾದ ವಸ್ತುವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಿಡಿಕೆ ಇಟ್ಟ ಕೂಡಲೇ ಪರದೆ ಕೆಂಪಾಯಿತು. ರಂಧ್ರದಿಂದ ರಂಧ್ರಕ್ಕೆ ಹಬ್ಬಿದ ದಟ್ಟ ಬಲೆ.

ಅಪ್ಪ ಪರದೆಯ ಹತ್ತಿರ ಹೋದರು. ಮೊದಲು ಅವರಿಗೆ ನಗು ಬಂತು.

"ನನ್ನದಕ್ಕಿಂತ ಚಂದ ಉಂಟಲ್ಲ ಮಾರಾಯ್ತಿ! ಇದಕ್ಕೂ ಒಂದು ಶಾಲು ಹೊದಿಸ್ಬೇಕು."

ನಾನು ಚಿತ್ರವನ್ನು ಹಾಗೇ ನಿಲ್ಲಿಸಿ ಲೇಸರ್ ಆರಿಸಿದೆ. ಅವರು ಕನ್ನಡಕ ತೆಗೆದರು. ತಟ್ಟೆಯನ್ನು ನೋಡಿದರು, ಪರದೆಯನ್ನು ನೋಡಿದರು.

"ಹಾಗಾದ್ರೆ ನನ್ನ ಕಾಲು?"

"ಗೊತ್ತಿಲ್ಲ ಅಪ್ಪಾ. ಅವತ್ತು ಮಿಷನ್ ನಿಮ್ಮ ಕಾಲನ್ನು ನೋಡಲೇ ಇಲ್ಲ."

"ಆ ಬೆಂಗಳೂರಿನವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಕುರ್ಚಿಯಲ್ಲಿ ಕುಳಿತು ಸಾಕ್ಸು ಎಳೆದು, ಸ್ಪಿರಿಟ್ ಕೊಡು ಎಂದು ಕೈ ಚಾಚಿದರು. ಹತ್ತಿ ಹತ್ತಿಯಾಗಿ ತಾವೇ ತಿಕ್ಕಿದರು. ನೇರಳೆ ಮೊದಲು ಹರಿದು ಕೆಳಗೆ ಇಳಿಯಿತು, ಆಮೇಲೆ ತೆಳುವಾಯಿತು. ಹೆಬ್ಬೆರಳಿನ ಪಕ್ಕದ ಬೆರಳು ಎಷ್ಟು ತಿಕ್ಕಿದರೂ ಬಿಳಿಯಾಗಲಿಲ್ಲ. ಅದು ಬಣ್ಣವಲ್ಲ. ಸುಟ್ಟ ಬದನೆಯ ಹಾಗೆ ಒಣಗಿ ಕಪ್ಪಾಗಿತ್ತು, ಅದರ ಆಚೆಯ ಬೆರಳಿಗೂ ಕಪ್ಪು ಹತ್ತಿತ್ತು. ವಾಸನೆ ಕೋಣೆ ತುಂಬಿತು. ಅಪ್ಪ ತಮ್ಮ ಮೂಗನ್ನು ಮುಚ್ಚಿಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾಳೆ ಬೇಡ. ಈಗಲೇ ಹೋಗುವ" ಎಂದರು.

ಠಾಣೆಯ ಒಂದು ಆಸ್ಪತ್ರೆಗೆ ರಿಕ್ಷಾದಲ್ಲಿ ಹೋದೆವು. ಕರ್ತವ್ಯದಲ್ಲಿದ್ದ ಸರ್ಜನ್ ನಡುವಯಸ್ಸಿನ ಮರಾಠಿ ಹೆಂಗಸು. ಅವರು ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಿದರು, ಹಿಮ್ಮಡಿಯ ಪಕ್ಕದಲ್ಲಿ ಹುಡುಕಿದರು, ಮೊಣಕಾಲಿನ ಹಿಂದೆ ಹುಡುಕಿದರು. "ಕಾಕಾ, ಇತ್ಕೆ ದಿವಸ್ ಕುಠೇ ಹೋತಾ?" ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿ, "ಕಾಮಾತ್ ಹೋತೋ" ಎಂದರು, ಕೆಲಸದಲ್ಲಿದ್ದೆ ಎಂದು. ಶಿಬಿರದ ಮಾತು ಎತ್ತಲಿಲ್ಲ. ನಾನೇ ಎತ್ತಿದೆ. ಡಾಕ್ಟರ್ ಕೇಳಿಸಿಕೊಂಡು ಕೈತೊಳೆಯಲು ಹೋದರು. ಬಯ್ದಿದ್ದರೆ ವಾಸಿಯಿತ್ತು.

ಡಾಪ್ಲರಿನಲ್ಲಿ ಕಂಡದ್ದು ಇಷ್ಟು: ಮೊಣಕಾಲಿನ ಕೆಳಗೆ ರಕ್ತನಾಳಗಳು ಬಹುಪಾಲು ಮುಚ್ಚಿಹೋಗಿದ್ದವು. ಬಲೂನು ಹಾಕಿ ಒಂದನ್ನು ತೆರೆಯಲು ನೋಡುತ್ತೇವೆ. ತೆರೆದರೆ ಬೆರಳುಗಳು ಮಾತ್ರ ಹೋಗುತ್ತವೆ, ತೆರೆಯದಿದ್ದರೆ ಪಾದ ಹೋಗಬಹುದು ಎಂದರು ಡಾಕ್ಟರ್. ಎರಡರಲ್ಲಿ ಯಾವುದು ಎಂದು ತಿಳಿಯುವವರೆಗಿನ ದಿನಗಳಲ್ಲಿ ಅಮ್ಮ ಅಪ್ಪನ ಕಾಲಿನ ಕಡೆ ನೋಡುತ್ತಲೇ ಇರಲಿಲ್ಲ. ನಾನು ನೋಡುತ್ತಿದ್ದೆ. ಕಾರಿಡಾರಿನಲ್ಲಿ ಫಿನಾಯಿಲು ಹಾಕಿ ಒರೆಸಿದ ನೆಲ, ಯಾರೋ ಅರ್ಧ ತಿಂದು ಬಿಟ್ಟ ವಡಾಪಾವ್, ಕಿಟಕಿಯ ಹೊರಗೆ ಬ್ಯಾಂಡೇಜಿನ ಚಿಂದಿ ಎಳೆಯುತ್ತಿದ್ದ ಕಾಗೆ. 

ಅಲ್ಲಿಗೇ ಡೈರೆಕ್ಟರಿನ ಫೋನ್ ಬಂತು. ರಜೆ ಹಾಕಿದ್ದಕ್ಕೆ ಕಾರಣ ಅವರಿಗೆ ತಿಳಿದಿತ್ತು.

"ಸೋ ಸಾರಿ ಕಣಮ್ಮಾ. ತಂದೆಯವರು ಹೇಗಿದ್ದಾರೆ? ಒಂದ್ ಮಾತು, ತಪ್ಪು ತಿಳ್ಕೋಬೇಡ. ಈಗಿನ ಕಂಡೀಷನ್‌ನಲ್ಲೂ ಒಂದು ಇಮೇಜ್ ಸಿಕ್ಕಿದ್ರೆ, ಬಿಫೋರ್ ಆಫ್ಟರ್ ಎರಡೂ ಆಗುತ್ತೆ. ಗೋಲ್ಡ್ ಆಗುತ್ತೆ ಅದು."

"ಬಿಫೋರ್‌ನಲ್ಲಿ ಇರೋದು ನೀಲಿ ಮದ್ದು ಸರ್."

"ಅದು ನಿನ್ನ ಒಪಿನಿಯನ್."

ಫೋನಿನಲ್ಲಿ ಅವರ ಸೆಂಟಿನ ವಾಸನೆ ಬರಲು ಸಾಧ್ಯವಿಲ್ಲ. ನನಗೆ ಮಾತ್ರ ಬಂತು. ಆ ವಾರವೇ ಕೆಲಸ ಬಿಟ್ಟೆ. ಬಿಡುವ ಮುಂಚೆ ಶಿಬಿರದ ದಿನದ ಆಳದ ಚಿತ್ರಗಳನ್ನು, ಕಂಪನಿಗೆ ಸಲಹೆ ಕೊಡುತ್ತಿದ್ದ ಡಾಕ್ಟರುಗಳಿಗೆ ಒಂದು ಸಾಲು ವಿವರಣೆಯ ಜೊತೆ ಕಳಿಸಿದೆ. ಯಾರೂ ಉತ್ತರಿಸಲಿಲ್ಲ. ಕೆಲವು ತಿಂಗಳ ಮೇಲೆ ಬೇಲಾಪುರದಲ್ಲಿ ನಡೆದ ಕಂಪನಿಯ ಒಂದು ಸಭೆಯಲ್ಲಿ ಅಪ್ಪನ ಪಾದದ ಕೆಂಪು ಚಿತ್ರ ಇನ್ನೂ ಪರದೆಯ ಮೇಲೆ ಬರುತ್ತಿತ್ತು ಎಂದು ಹಳೆಯ ಸಹೋದ್ಯೋಗಿ ಹೇಳಿದಳು. ಆರೋಗ್ಯವಂತ ಪಾದದ ಉದಾಹರಣೆಯಾಗಿ. ಇದನ್ನು ಬರೆಯುವಾಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಹೋಟೆಲಿನ ಉಳಿದವರ ಕಾಲುಗಳಿಗಾಗಿ ಸ್ಪಿರಿಟ್ ಮತ್ತು ಹತ್ತಿ ತೆಗೆದುಕೊಂಡು ನಾನೇ ಹೋದೆ. ಕ್ರೇಟುಗಳ ಮೇಲೆ ಕೂರಿಸಿ ಒಬ್ಬೊಬ್ಬರದ್ದೇ ಒರೆಸಿ ನೋಡಿದೆ. ಒಬ್ಬರಿಗೆ ಡಾಕ್ಟರ ಹತ್ತಿರ ಹೋಗಲೇಬೇಕಿತ್ತು, ಹೋದರು. ಉಳಿದವರದ್ದು ಬೆರಳಸಂದಿಯ ಹುಣ್ಣು ಅಷ್ಟೆ. "ಅಕ್ಕಾ, ನಮ್ಮದೂ ಇಡ್ಲಿ ತರಹ ಉಂಟಾ?" ಎಂದು ದೋಸೆ ಹಾಕುವವರು ತಮಾಷೆ ಮಾಡಿದರು. ಅಪ್ಪ ಆ ಕತೆಯನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಫೋನಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದರು.

ನಾಳ ಒಂದು ತೆರೆಯಿತು. ಎರಡು ಬೆರಳು ಹೋದವು, ಪಾದ ಉಳಿಯಿತು.

ಮನೆಗೆ ಬಂದ ಮೇಲೆ ಡ್ರೆಸ್ಸಿಂಗ್ ಬದಲಿಸುವ ಕೆಲಸ ನನ್ನದಾಯಿತು. ಅಮ್ಮ ಆಗಲೂ ಕಾಲಿನ ಕಡೆ ನೋಡುತ್ತಿರಲಿಲ್ಲ; ಮನೆಗೆ ಬರುವ ನರ್ಸನ್ನು ಅಪ್ಪ ಬೇಡವೆಂದರು. ಅಂಟಿದ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಬಿಡಿಸಬೇಕು. ಹಳದಿ ನೀರು, ಕೆನೆಯಂಥ ಪದರ, ಅದರ ನಡುವೆ ಹೊಸದಾಗಿ ಬರುತ್ತಿರುವ ಕೆಂಪು ಮಾಂಸ. ನನಗೆ ರೂಢಿಯಾಗಲಿಲ್ಲ. ದಿನವೂ ಮೊದಲು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಿದ್ದೆ, ಮುಗಿದ ಮೇಲೆ ಇನ್ನೊಂದು ಸಲ ಹೋಗುತ್ತಿದ್ದೆ. ಮಾಸ್ಕ್ ಹಾಕುತ್ತಿರಲಿಲ್ಲ. ಸೋಂಕು ಮರಳಿ ಬಂದರೆ ಮೊದಲು ತಿಳಿಯುವುದು ವಾಸನೆಯಲ್ಲಿ ಎಂದು ಡಾಕ್ಟರ್ ಹೇಳಿದ್ದರು.

ಒಂದು ಬೆಳಿಗ್ಗೆ ಅಪ್ಪ ದಿಂಬಿಗೆ ಒರಗಿ, ನಾನು ಗಾಜ್ ಬಿಡಿಸುವುದನ್ನು ನೋಡುತ್ತಿದ್ದರು. ಕಾಲನ್ನಲ್ಲ, ನನ್ನ ಮುಖವನ್ನು.

"ವಾಸನೆ ಬರ್ತದಾ?"

"ಬರ್ತದೆ."

"ನಿನ್ನೆಯ ಹಾಗೆಯಾ?"

ನಾನು ಬಗ್ಗಿ ಉಸಿರೆಳೆದುಕೊಂಡೆ.

"ಇಲ್ಲ. ಕಮ್ಮಿ ಉಂಟು."

"ಸರಿಯಾಗಿ ನೋಡು" ಎಂದು ಅಪ್ಪ ಪಾದವನ್ನು ತುಸು ಮೇಲೆತ್ತಿ ನನ್ನ ಹತ್ತಿರ ತಂದರು.